ಗೋಡೆಯಾಚೆ ಎಂಟನೇ ಕ್ಲಾಸು

ಪಕ್ಕದ ಮನೆಗೆ ಹೊಸದಾಗಿ ಬಂದವರು ಬೆಳಗಾಗುತ್ತಲೇ ಜೋಳದ ರೊಟ್ಟಿ ತಟ್ಟುತ್ತಾರೆ. ಆದೋನಿಯ ನಮ್ಮ ಓಣಿಯಲ್ಲಿ ಈಗ ಹಾಗೆ ತಟ್ಟುವವರು ಕಡಿಮೆ. ಮೊನ್ನೆ ಆ ಮನೆಯಿಂದ ರೊಟ್ಟಿ ಸೀದ ವಾಸನೆ ಬಂತು. ನಿಮಗೆ ಅದು ಬರೀ ಸೀದ ವಾಸನೆ ಇರಬಹುದು. ನನಗೆ ಅದು ಲೆಕ್ಕದ ಪಾಠದ ವಾಸನೆ. ನಗಬೇಡಿ, ಹೇಳುತ್ತೇನೆ.

ನಾನು ಈ ಊರಿನ ಹತ್ತಿ ವ್ಯಾಪಾರಿಗಳ ಮನೆಯ ಮಗಳು. ಥರ್ಡ್ ಫಾರಂ, ಅಂದರೆ ಈಗಿನ ಎಂಟನೇ ಕ್ಲಾಸು ಓದಿದ್ದೆ. ಆ ಕಾಲಕ್ಕೆ ನಮ್ಮ ಬಳಗದಲ್ಲಿ ಅಷ್ಟು ಓದಿದ ಹೆಣ್ಣು ಇನ್ನೊಬ್ಬಳಿರಲಿಲ್ಲ, ಅದನ್ನು ಯಾರೂ ಮರೆಯದಂತೆ ನಾನೂ ಎಚ್ಚರ ವಹಿಸುತ್ತಿದ್ದೆ. ಅಂಥವಳನ್ನು ಕೌತಾಳಂ ದಾಟಿ ಒಂದು ಹಳ್ಳಿಯ ಒಕ್ಕಲು ಮನೆಗೆ ಕೊಟ್ಟರು. ಬಾಗಿಲು ದಾಟಿದರೆ ಮೊದಲು ಎತ್ತುಗಳು, ಆಮೇಲೆ ಮನುಷ್ಯರು. ದನ ಕಟ್ಟುವ ತಗ್ಗಿಗೂ ಅಡುಗೆ ಒಲೆಗೂ ನಡುವೆ ಎದೆಮಟ್ಟದ ಒಂದು ಮಣ್ಣಿನ ಗೋಡೆ, ಅಷ್ಟೇ. ಮನೆಯಲ್ಲಿ ಇದ್ದವರು ಮೂರೇ ಜನ: ನಾನು, ನಮ್ಮ ಅತ್ತೆ, ನಮ್ಮವರು. ನಮ್ಮವರ ಹೆಸರು ಬರೆಯುವುದಿಲ್ಲ. ಬಾಯಲ್ಲಿ ಹೇಳಿ ಅಭ್ಯಾಸವಿಲ್ಲ, ಈ ವಯಸ್ಸಿಗೆ ಕಲಿಯುವ ಮನಸ್ಸೂ ಇಲ್ಲ.

ಮದುವೆಯಾದ ಮೂರನೇ ವರ್ಷ, ಮುಂಗಾರಿನ ಮೊದಲ ಮಳೆ ಬಿದ್ದ ವಾರ, ಜೋಡಿ ಎತ್ತಿನಲ್ಲಿ ಒಂದಕ್ಕೆ ಗಂಟಲು ಬಾತುಕೊಂಡಿತು. ಉಸಿರೆಳೆದರೆ ಗೊರಕೆ ಹೊಡೆದಂತೆ ಸದ್ದು. ಅತ್ತೆ ನೋಡಿದರು. "ಏನ್ ನೋಡ್ತೀಯೋ, ಬರಿ ಹಾಕು," ಎಂದರು. ನಮ್ಮ ಕಡೆ ದನಕ್ಕೆ ಯಾವ ಬೇನೆ ಬಂದರೂ ಕಾಯಿಸಿದ ಕಬ್ಬಿಣದ ಬರೆಯೇ ಮದ್ದು. ನಮ್ಮವರು ತಾವೇ ಕೈಯಾರೆ ಕುತ್ತಿಗೆಗೆ ಬರೆ ಎಳೆದರು. ಸಂಜೆಯ ಹೊತ್ತಿಗೆ ಎತ್ತು ಸತ್ತಿತು.

ಮರುದಿನ ಆದೋನಿಯ ದನದ ಆಸ್ಪತ್ರೆಯಿಂದ ಒಬ್ಬ ಇನ್ಸ್‌ಪೆಕ್ಟರು ಸೈಕಲ್ ತುಳಿದುಕೊಂಡು ಬಂದರು. ಉಳಿದ ಎತ್ತಿಗೂ ಆಗಲೇ ಮೈ ಬೆಚ್ಚಗಾಗಿತ್ತು. ನಮ್ಮವರು ಕೊಂಬು ಹಿಡಿದು ಕಿವಿಯಲ್ಲಿ ಏನೋ ಹೇಳುತ್ತಾ ನಿಂತರು, ಇನ್ಸ್‌ಪೆಕ್ಟರು ಕುತ್ತಿಗೆಯ ಪಕ್ಕಕ್ಕೆ ಸೂಜಿ ಚುಚ್ಚಿದರು, ಎತ್ತು ಕದಲಲಿಲ್ಲ. ಅವರು ತೆಲುಗು ಸೀಮೆಯ ಕರಾವಳಿಯವರು, ಮಾತೂ ತೆಲುಗೇ. "ಏಮಯ್ಯಾ, ಇಂತ ಬಾಗಾ ಪಟ್ಟುಕುನ್ನಾವು, ಏಮೈನಾ ಚದುವುಕುನ್ನಾವಾ?" ಎಂದರು, ಇಷ್ಟು ಚೆನ್ನಾಗಿ ಹಿಡಿದಿದ್ದೀಯಲ್ಲ, ಏನಾದರೂ ಓದಿದ್ದೀಯಾ ಎಂದು. ಓದಿದ್ದು ನಾಲ್ಕನೇ ಕ್ಲಾಸು ಎಂದು ಇವರು ಹೇಳಿದಾಗ ಅವರಿಗೆ ನಿಜಕ್ಕೂ ಬೇಸರವಾಯಿತು. ಎಂಟನೇ ಕ್ಲಾಸು ಪಾಸು ಮಾಡಿದರೆ ದನದ ಆಸ್ಪತ್ರೆಯ ಕಾಂಪೌಂಡರ್ ಕೆಲಸಕ್ಕೆ ತರಬೇತಿ ಕೊಡುತ್ತಾರಂತೆ. ಆದರೆ ಮೂವತ್ತು ದಾಟಿದವರನ್ನು ತೆಗೆದುಕೊಳ್ಳುವುದಿಲ್ಲವಂತೆ. ಆಗ ನಮ್ಮವರಿಗೆ ಇಪ್ಪತ್ತೆಂಟು.

ಎತ್ತು ಬದುಕಿತು. ನಾಲ್ಕು ದಿನ ಬಿಟ್ಟು ನಮ್ಮವರು ಊಟಕ್ಕೆ ಕೂತಾಗ, "ನಾ ಓದ್ತೀನಿ," ಎಂದರು. ಪಲ್ಯ ಬಡಿಸುತ್ತಿದ್ದ ಅತ್ತೆಯ ಕೈ ನಿಂತಿತು. "ದನದ ಮೈ ಮುಟ್ಟಾಕ ಎಂಟನೇ ಕ್ಲಾಸ್ ಬೇಕೇನೋ? ನಿಮ್ಮಪ್ಪ ಯಾವ ಸಾಲಿಗೆ ಹೋಗಿದ್ದ? ಎತ್ತು ಅವನ ಮಾತು ಕೇಳ್ತಿದ್ದಿಲ್ಲೇನು?"

"ಕೇಳ್ತಿದ್ವು ಯವ್ವಾ. ಬರಿ ಹಾಕುವಾಗ ನನ್ನ ಮಾತೂ ಕೇಳಿತ್ತು ಅದು. ಕೇಳೇ ಸತ್ತಿತು," ಎಂದರು ಇವರು. ಅತ್ತೆ ಪಲ್ಯದ ಪಾತ್ರೆ ಎತ್ತಿಕೊಂಡು ಒಲೆ ಕಡೆ ಹೋದರು.

ಓದಿಸುವವರು ಯಾರು? ಊರಿನ ಮೇಷ್ಟ್ರು ಐದನೇ ಕ್ಲಾಸಿನಾಚೆ ಕಂಡವರಲ್ಲ. ಮನೆಯಲ್ಲಿ ಥರ್ಡ್ ಫಾರಂ ಓದಿದ ಹೆಂಡತಿ ಇದ್ದಳು, ಸರಿ. ಆದರೆ ಹಿರಿಯರೆದುರು ಗಂಡನ ಮುಂದೆ ಕೂತು ಮಾತಾಡುವುದೇ ತಪ್ಪಾಗಿದ್ದ ಮನೆಯಲ್ಲಿ ಗಂಡನಿಗೆ ತಪ್ಪು ತಿದ್ದುವುದೆಂದರೆ! ಆಗ ಆ ಎದೆಮಟ್ಟದ ಗೋಡೆ ನಮ್ಮ ನೆರವಿಗೆ ಬಂತು. ನಸುಕಿನಲ್ಲಿ ನಾನು ಈಚೆ ರೊಟ್ಟಿ ತಟ್ಟುತ್ತಿದ್ದೆ, ಅವರು ಆಚೆ ಎತ್ತಿಗೆ ಮೇವು ಹಾಕಿ ಮೈ ತಿಕ್ಕುತ್ತಿದ್ದರು. ರೊಟ್ಟಿ ಹಂಚಿಗೆ ಹಾಕುವಾಗ ನಾನೊಂದು ಪ್ರಶ್ನೆ ಕೇಳಬೇಕು, ತಿರುವಿ ಹಾಕುವುದರೊಳಗೆ ಅವರು ಉತ್ತರ ಹೇಳಬೇಕು. ಮುಖ ನೋಡುವ ಹಾಗಿಲ್ಲ, ಹಾಗಾಗಿ ಮರ್ಯಾದೆಗೆ ಧಕ್ಕೆಯಿಲ್ಲ. ಹೊರಗಿನವರು ಕೇಳಿದರೆ ಸೊಸೆ ದನದ ಹತ್ತಿರ ಮಾತಾಡುತ್ತಿದ್ದಾಳೆ ಎಂದುಕೊಳ್ಳಬೇಕು. ಒಬ್ಬಿಬ್ಬರು ಹಾಗೆ ಅಂದುಕೊಂಡೂ ಇದ್ದರು.

ಉತ್ತರ ತಡವಾದರೆ ರೊಟ್ಟಿ ಸೀಯುತ್ತಿತ್ತು. ಚರಿತ್ರೆ, ಭೂಗೋಳಕ್ಕೆ ಅಷ್ಟಾಗಿ ಸೀಯಲಿಲ್ಲ. ಲೆಕ್ಕ ಬಂತೆಂದರೆ ಮನೆ ತುಂಬ ಹೊಗೆ. ನಾನೂ ಮೆತ್ತನೆಯ ಮೇಷ್ಟ್ರಲ್ಲ. "ಮತ್ತ ತಪ್ಪಿತ್ರಿ. ಮೊದ್ಲಿಂದ ಹೇಳ್ರಿ," ಎಂದು ಗದರುತ್ತಿದ್ದೆ. ಒಕ್ಕಲು ಮನೆಗೆ ಕೊಟ್ಟರೆಂದು ಅಪ್ಪನ ಮೇಲಿದ್ದ ಸಿಟ್ಟನ್ನು ಸ್ವಲ್ಪ ಅಲ್ಲಿಯೂ ತೀರಿಸಿಕೊಂಡಿರಬೇಕು.

ಅತ್ತೆ ಅದೇ ಹೊತ್ತಿಗೆ ಮೂಲೆಯಲ್ಲಿ ಕಂಬಕ್ಕೆ ಹಗ್ಗ ಕಟ್ಟಿ ಮಜ್ಜಿಗೆ ಕಡೆಯುತ್ತಿದ್ದರು. ಮುಖ ಗೋಡೆ ಕಡೆಗೆ. ಹೆಚ್ಚೆಂದರೆ, "ಗಂಡಗ ಗದರೋದು ಕಲಿಸ್ಯಾರ ಆದೋನ್ಯಾಗ," ಎಂದು ಮಜ್ಜಿಗೆಗೆ ಹೇಳುತ್ತಿದ್ದರು. ಸೀದ ರೊಟ್ಟಿಗಳನ್ನು ಬೇರೆ ಇಟ್ಟು ತಾವೇ ತಿನ್ನುತ್ತಿದ್ದರು. ಅದೂ ನನ್ನ ಮೇಲಿನ ಸಿಟ್ಟಿಗೇ ಎಂದು ನಾನು ತಿಳಿದಿದ್ದೆ.

ಮೊದಲ ವರ್ಷ ನಮ್ಮವರು ಲೆಕ್ಕದಲ್ಲಿ ಫೇಲಾದರು. ಇನ್ನು ಒಂದೇ ಪರೀಕ್ಷೆ ಉಳಿದಿತ್ತು, ಅದು ತಪ್ಪಿದರೆ ಮೂವತ್ತು ತುಂಬುತ್ತಿತ್ತು. ಸರಿಯಾಗಿ ಆ ವರ್ಷವೇ ನಾನು ಬಸುರಿಯಾದೆ. ಮೊದಲ ಹೆರಿಗೆ ತವರಿನಲ್ಲೇ ಆಗಬೇಕು. ಏಳು ತುಂಬುತ್ತಲೇ ಅಪ್ಪ ಗಾಡಿ ಕಟ್ಟಿಸಿಕೊಂಡು ಬಂದರು. ಕೂಸಿಗೆ ಮೂರು ತಿಂಗಳಾಗುವವರೆಗೆ ಗಂಡನ ಮನೆ ಮಾತಿಲ್ಲ. ಅಲ್ಲಿಗೆ ಪರೀಕ್ಷೆಗೆ ಉಳಿಯುವುದು ಹದಿನೈದು ದಿನ. ಗಾಡಿ ಹತ್ತುವಾಗ ನಾನು ಅತ್ತದ್ದನ್ನು ಎಲ್ಲರೂ ಹೆರಿಗೆಯ ಭಯವೆಂದು ತಿಳಿದು ಸಮಾಧಾನ ಮಾಡಿದರು.

ಮಗಳು ಹುಟ್ಟಿದಳು. ನೋಡಲು ಬಂದ ನಮ್ಮವರನ್ನು ಬಾಗಿಲ ಮರೆಯಿಂದ, "ಓದು ಎಲ್ಲಿಗೆ ಬಂತು?" ಎಂದು ಕೇಳಿದೆ. ತೊಟ್ಟಿಲು ನೋಡುತ್ತಲೇ, "ನಡದೈತಿ," ಎಂದರು. ನನಗೆ ಮೈಯುರಿಯಿತು. ಕೇಳುವವರಿಲ್ಲದೆ ಈ ಮನುಷ್ಯ ಪುಸ್ತಕ ಬಿಚ್ಚುವವರಲ್ಲ, ವರ್ಷ ಹೋಯಿತು, ಕೆಲಸವೂ ಹೋಯಿತು ಎಂದು ಬಾಣಂತಿ ಕೋಣೆಯಲ್ಲಿ ಕೂತು ಸಂಕಟಪಟ್ಟೆ.

ಮೂರು ತಿಂಗಳು ಮುಗಿಸಿ ಕೂಸಿನೊಂದಿಗೆ ಹಳ್ಳಿ ಸೇರಿದಾಗ ಸಂಜೆಯಾಗಿತ್ತು. ಬಾಣಂತಿ ಒಲೆ ಮುಂದೆ ಕೂರಬಾರದೆಂದು ಅತ್ತೆ ನನ್ನನ್ನು ಒಳಮನೆಯಲ್ಲಿ ಮಲಗಿಸಿದರು. ಮರುದಿನ ನಸುಕಿನಲ್ಲಿ ರೊಟ್ಟಿ ತಟ್ಟುವ ಸದ್ದಿಗೆ ಎಚ್ಚರವಾಯಿತು. ಜೊತೆಗೆ ಮಾತು.

"ಹಾರ್ನ್ ಅಂದ್ರ?"

"ಕೊಂಬು."

"ಹೂಫ್ ಅಂದ್ರ?"

"ಗೊರಸು."

"ಹದಿಮೂರ ಏಳಲೆ?"

ಗೋಡೆಯಾಚೆಯಿಂದ, "ಎಂಬತ್ತೊಂಬತ್ತು."

"ಮತ್ತ ತಪ್ಪಿತ್ರಿ. ಮೊದ್ಲಿಂದ ಹೇಳ್ರಿ."

ಪ್ರಶ್ನೆಗಳು ನನ್ನವು. ಗದರುವ ವರಸೆ ನನ್ನದು. ದನಿ ಮಾತ್ರ ಅತ್ತೆಯದು. ಹೆತ್ತ ಮಗನನ್ನು "ಹೇಳ್ರಿ" ಎಂದು ಬಹುವಚನದಲ್ಲಿ ಗದರುವ ತಾಯಿಯನ್ನು ನಾನು ಅದಕ್ಕೆ ಮುಂಚೆಯೂ ಕಂಡಿಲ್ಲ, ಆಮೇಲೂ ಕಂಡಿಲ್ಲ. ಬಾಯಿಗೆ ಸೆರಗು ಒತ್ತಿಕೊಂಡರೂ ನಗು ತಡೆಯಲಾಗಲಿಲ್ಲ. ಕೂಸು ಎದ್ದು ಅತ್ತಿತು.

ಅತ್ತೆ ತಿರುಗಿ ನೋಡಿದರು. ನಾಚಿಕೆಯೋ ಒಲೆಯ ಬಿಸಿಯೋ, ಮುಖ ಕೆಂಪಾಗಿತ್ತು. "ನಗಬ್ಯಾಡ. ನೀ ಕೇಳಿದಂಗ ಕೇಳೀನಿ. ನನ್ನ ಮಾತು ಒಂದೂ ಸೇರಿಸಿಲ್ಲ."

"ಎಲ್ಲಾ ನೆನಪೈತೇನು ಅತ್ತಿ?"

"ಒಂದೂವರಿ ವರ್ಷ ಕೇಳೀನಿ. ಬರೇ ಮಜ್ಜಿಗಿ ಕಡೀತಿದ್ದೆ ಅನಕಂಡಿಯೇನು?" ಎಂದು ಹಂಚಿನ ಮೇಲಿನ ರೊಟ್ಟಿ ತಿರುವಿದರು. ಆಮೇಲೆ ದನಿ ತಗ್ಗಿಸಿ, "ಬರಿ ಹಾಕು ಅಂದಾಕಿ ನಾನು. ನೀ ಹಡದು ಬರೋತನ ದನ ಸಾಯೋದು ನಿಲ್ತೈತೇನು?" ಎಂದರು.

ನಾನು ಮೆಲ್ಲಗೆ ಎದ್ದು ಹೋಗಿ ರೊಟ್ಟಿ ಬುಟ್ಟಿ ನೋಡಿದೆ. ಒಂದೂ ಸೀದಿರಲಿಲ್ಲ.

ಆ ಸಲ ನಮ್ಮವರು ಪಾಸಾದರು. ತರಬೇತಿ ಮುಗಿಸಿ ಆಸ್ಪತ್ರೆ ಸೇರಿ, ಕಾಂಪೌಂಡರ್ ಆಗಿಯೇ ನಿವೃತ್ತರಾದರೂ ಈ ಸೀಮೆಯ ತುಂಬ "ದನದ ಡಾಕ್ಟ್ರು" ಎನಿಸಿಕೊಂಡರು. ಹಾಗೆಂದು ಯಾರಾದರೂ ಕರೆದರೆ ತಿದ್ದುತ್ತಿದ್ದರು, ನಾನು ತಿದ್ದಲು ಬಿಡುತ್ತಿರಲಿಲ್ಲ. ಈ ಅತ್ತೆಯ ಕಥೆಯನ್ನು ಮದುವೆ ಮನೆಗಳಲ್ಲಿ ಎಷ್ಟು ಸಲ ಹೇಳಿದ್ದೇನೋ! "ಹೇಳ್ರಿ" ಎಂಬಲ್ಲಿಗೆ ಬಂದಾಗ ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು. ಕೊನೆಗೆ, "ಗಂಡನ್ನ ಓದಿಸಿದಾಕಿ ನೀನವ್ವಾ!" ಎನ್ನುತ್ತಿದ್ದರು. ನಾನೂ ಬೇಡವೆನ್ನದೆ ಹೊಗಳಿಸಿಕೊಳ್ಳುತ್ತಿದ್ದೆ.

ಆ ಕಥೆಯಲ್ಲಿ ನಾನು ಹೇಳದೆ ಬಿಡುತ್ತಿದ್ದ ಒಂದು ತುಣುಕಿದೆ. ಮುಚ್ಚಿಟ್ಟದ್ದಲ್ಲ, ಅದು ಹೇಳುವಂಥದೆಂದು ಮೊನ್ನೆಯವರೆಗೆ ನನಗೇ ಅನಿಸಿರಲಿಲ್ಲ. ತರಬೇತಿಗೆ ಅರ್ಜಿ ಹಾಕುವಾಗ, ಮಗನಿಗೆ ಇನ್ನೂ ಮೂವತ್ತು ತುಂಬಿಲ್ಲವೆಂದು ತಾಯಿ ಬರೆದುಕೊಡಬೇಕಾಗಿತ್ತು. ಊರಿನ ಶಾನುಭೋಗಿಕೆ ನೋಡುವ ಕರಣಂ ಕಾಗದ ಬರೆದು ಮನೆಗೆ ತಂದರು. "ಓದಿ ಹೇಳು," ಎಂದರು ಅತ್ತೆ. ಓದಿ ಹೇಳಿದೆ. ಒಂದು ಸಲ ಕೇಳಿ, ಅಕ್ಷರ ಬಿಡದೆ ಅದನ್ನು ತಿರುಗಿ ಹೇಳಿದರು. ಕರಣಂ ಬೆರಗಾಗಿ ನೋಡಿದರು. ಆಮೇಲೆ ನಾನು ಅತ್ತೆಯ ಹೆಬ್ಬೆರಳು ಹಿಡಿದು ಮಸಿಗೆ ಒತ್ತಿಸಿದೆ, ಕಾಗದಕ್ಕೆ ಒತ್ತಿಸಿದೆ, ನನ್ನ ಸೆರಗಿನಿಂದ ಮಸಿ ಒರೆಸಿದೆ. ಒರೆಸಿ ಮುಗಿದ ಮೇಲೂ ಅವರು ಆ ಕಾಗದವನ್ನೇ ನೋಡುತ್ತಾ ಕೂತಿದ್ದರು.

ಅವರು ಅದಾದ ಮೇಲೆ ಹದಿನಾಲ್ಕು ವರ್ಷ ನಮ್ಮ ಜೊತೆ ಇದ್ದರು. ಎಲ್ಲಿ ಸಹಿ ಬೇಕಾದರೂ ಹೆಬ್ಬೆಟ್ಟೇ ಒತ್ತಿದರು, ಪ್ರತಿ ಸಲವೂ ಒರೆಸಿದವಳು ನಾನೇ. ಮೇಷ್ಟ್ರೆಂದು ಮೆರೆದ ನಾನು ಒಂದು ದಿನವೂ ಆ ಕೈಗೆ ಬಳಪ ಕೊಡಲಿಲ್ಲ. ಅವರು ಕೇಳಲಿಲ್ಲ, ನನಗೆ ಹೊಳೆಯಲಿಲ್ಲ.