ತಪ್ಪು ಹುಡುಕಲು ಹೋದ ಜೀಪು

೨೦೧೯ರಲ್ಲಿ ಹುಣಸೂರಿನ ಮಡಿಕೇರಿ ರಸ್ತೆಯಲ್ಲಿ ನನ್ನದು ಟಿಂಕರಿಂಗ್ ಶೆಡ್ಡು. ನಜ್ಜುಗುಜ್ಜಾದ ತಗಡು ಬಡಿದು, ಬೆಸೆದು, ಬಣ್ಣ ಹೊಡೆದು ವಾಹನಕ್ಕೆ ರೂಪ ಕೊಡುವ ಕೆಲಸ. ಹಳೆಯ ಜೀಪು ಅಂದರೆ ಮಾತ್ರ ಜನ ಕೆ.ಆರ್. ನಗರದ ಶಿವಣ್ಣನ ಹೆಸರು ಹೇಳುತ್ತಿದ್ದರು. ನನ್ನ ಶೆಡ್ಡಿನಲ್ಲೇ ಕುಳಿತು, ನಾನು ತರಿಸಿದ ಟೀ ಕುಡಿಯುತ್ತಾ ಹೇಳುತ್ತಿದ್ದರು. ನಾವಿಬ್ಬರೂ ಒಬ್ಬನೇ ಮೇಸ್ತ್ರಿಯ ಬಳಿ ಕಲಿತವರು. ಕೇಳಿದಾಗಲೆಲ್ಲ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಗುತ್ತಿತ್ತು.

ಆ ಬೇಸಿಗೆಯಲ್ಲಿ ಪಿರಿಯಾಪಟ್ಟಣದ ತಂಬಾಕು ಬೆಳೆಗಾರ ಮಹದೇವಪ್ಪನವರು ತಂದೆಯ ಕಾಲದ ಜೀಪನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಬಂದರು. ಅವರದೂ ನನ್ನದೇ ಸಂಕಟ. ಕೆ.ಆರ್. ನಗರದಲ್ಲಿದ್ದ ಅವರ ಭಾಮೈದನ ಜೀಪನ್ನು ಶಿವಣ್ಣ ಮಾಡಿಕೊಟ್ಟಿದ್ದ. ಮದುವೆ ಮನೆಯಲ್ಲಿ ನೆಂಟರೆಲ್ಲ ಅದರ ಸುತ್ತಲೇ ನಿಂತಿದ್ದರಂತೆ.

"ಅವ್ನುದ್ಕಿಂತ ಒಂದ್ ಕೈ ಮೇಲಿರ್ಬೇಕು ಕಣಪ್ಪ. ಹಳೇ ಬಾಡಿ ಕಿತ್ತಾಕಿ ಹೊಸದು ಕೂರ್ಸ್ಬುಡು" ಅಂದರು.

ನೆಲದ ತಗಡು ತುಕ್ಕು ತಿಂದು ತೂತಾಗಿತ್ತು. ಪಕ್ಕದ್ದು, ಬಾನೆಟ್ಟು ಗಟ್ಟಿಯಾಗಿದ್ದವು. ಹೊಸ ಬಾಡಿ ಕೂರಿಸಿದರೆ ಕನ್ನಡಿಯಂತೆ ಹೊಳೆಯುತ್ತದೆ. ಆದರೆ ಎಂಜಿನ್ನು, ಅಡಿಯ ಚಾಸಿಸ್ಸು ಬಿಟ್ಟರೆ ತಂದೆಯ ಜೀಪಿನದು ಏನೂ ಉಳಿಯುವುದಿಲ್ಲ. ಅದು ಗೊತ್ತಿದ್ದೂ ಹೂಂ ಅಂದೆ. ಶಿವಣ್ಣನನ್ನು ಮೀರಿಸುವ ಅವಕಾಶ ಬಿಡಲು ಮನಸ್ಸಾಗಲಿಲ್ಲ.

ಕೆಲಸ ಶುರುಮಾಡುವ ಮುನ್ನ ಇಬ್ಬರೂ ಭಾಮೈದನ ಮನೆಗೆ ಹೋದೆವು, ತಪ್ಪು ಹುಡುಕಲೆಂದೇ. ಗೋಣಿಚೀಲ ಹಾಸಿ ಜೀಪಿನ ಅಡಿಗೆ ತೂರಿದೆ. ತಗ್ಗುಗಳಿಗೆ ಪುಟ್ಟಿ ಮೆತ್ತಿ ಮುಚ್ಚಿರುತ್ತಾನೆ ಅಂದುಕೊಂಡಿದ್ದೆ. ಮೆತ್ತಿರಲಿಲ್ಲ. ಕೊಳೆತಷ್ಟನ್ನೇ ಕತ್ತರಿಸಿ, ಅಳತೆಗೆ ಸರಿಯಾಗಿ ತಗಡು ಬೆಸೆದು, ಮಿಕ್ಕ ಹಳೆಯದನ್ನೆಲ್ಲ ಉಳಿಸಿಕೊಂಡಿದ್ದ. ಬೆರಳಾಡಿಸಿದರೂ ಬೆಸುಗೆ ಸಿಗಲಿಲ್ಲ. ಎದ್ದು ಬಂದಾಗ ಹೊಟ್ಟೆ ಮೊದಲಿಗಿಂತ ಹೆಚ್ಚು ಉರಿಯುತ್ತಿತ್ತು.

ವಾಪಸು ಬರುವಾಗ ಮಹದೇವಪ್ಪನವರಿಗೆ ಹೇಳಿದೆ: "ಹೊಸ ಬಾಡಿ ಬ್ಯಾಡಿ. ಅಂಗ್ ಮಾಡುದ್ರೆ ಅವ್ರ್ ತಾವ ಹಳೇ ಜೀಪಿರ್ತದೆ, ನಿಮ್ ತಾವ ಹೊಸಾ ಡಬ್ಬ ಇರ್ತದೆ."

ಹುಣಸೂರಿನಲ್ಲಿ ಇಳಿಯುವಾಗ ಅವರು, ನಿನ್ನಿಷ್ಟದಂತೆ ಮಾಡು ಎಂದರು.

ಆ ಕೆಲಸಕ್ಕೆ ಮಳೆಗಾಲವೆಲ್ಲ ಹಿಡಿಯಿತು. ನೆಲ ಬದಲಾಯಿಸಿದೆ. ಗಟ್ಟಿಯಿದ್ದ ತಗಡಿಗೆ ಸುತ್ತಿಗೆ ತಾಗಿಸಲಿಲ್ಲ. ಡ್ಯಾಶ್‌ಬೋರ್ಡಿನ ಹಿಂದೆ ಮಾಸದೆ ಉಳಿದಿದ್ದ ಹಸಿರನ್ನು ನೋಡಿಕೊಂಡು ಬಣ್ಣ ಬೆರೆಸಿದೆ.

ಜೀಪು ಕೊಡುವ ವಾರ ಶಿವಣ್ಣ ಬಂದ. ಪಿರಿಯಾಪಟ್ಟಣದಾಚೆಯ ಕೊಪ್ಪಕ್ಕೆ ಹೊರಟಿದ್ದೆ, ಹಾಗೇ ಇಳಿದೆ ಅಂದ. ನನ್ನ ಯೋಗಕ್ಷೇಮ ಕೇಳಲಿಲ್ಲ. ಜೀಪಿನೊಳಗೆ ಬಗ್ಗಿ ನೆಲದ ಮೇಲೆ ಅಂಗೈ ಆಡಿಸುತ್ತಾ ಬಹಳ ಹೊತ್ತು ನಿಂತ. ಆಮೇಲೆ ನನ್ನ ಕಡೆ ನೋಡದೆ ಕೇಳಿದ:

"ಹಿಂದ್ಲ ಮೂಲೆ ಎಂಗ್ಲಾ ಕೂರ್ಸ್ದೆ?"

ನಾನು ಗುಟ್ಟು ಬಿಡದೆ ಟೀ ತರಿಸಿದೆ. ಅವನು ಅದನ್ನು ಅರ್ಧಕ್ಕೇ ಬಿಟ್ಟು ಹೊರಟ. ಅವನ ಮುಖ ಕಂದಿತ್ತು. ಆ ರಾತ್ರಿ ನನಗೆ ಒಳ್ಳೆಯ ನಿದ್ದೆ ಬಂತು.

ಹಳೆಯ ವಾಹನವನ್ನು ಎಲ್ಲಿಯವರೆಗೆ ಸರಿಮಾಡಬೇಕು ಎಂದು ಈಗಲೂ ಕೇಳುತ್ತಾರೆ. ಕೊಳೆತಲ್ಲಿಯವರೆಗೆ ಅನ್ನುತ್ತೇನೆ, ಅದರಾಚೆ ಒಂದಂಗುಲವೂ ಬೇಡ. ಅನುಭವದ ಮಾತು ಎಂದು ತಲೆದೂಗುತ್ತಾರೆ. ನನಗೆ ಅದನ್ನು ಕಲಿಸಿದ್ದು ಹೊಟ್ಟೆಕಿಚ್ಚು.