ಬಳ್ಳಿ ಬಿಡಿಸಿದ ಚೌಕ

ಊರಿಗೆ ನಲ್ಲಿ ಬರುತ್ತದೆಂದು ಎಲ್ಲರೂ ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದ ದಿನಗಳು ಅವು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು, ನಾನು ಏಳನೇ ಕ್ಲಾಸಿನಲ್ಲಿದ್ದೆ. ಮಾನ್ವಿ ತಾಲೂಕಿನ ನಮ್ಮೂರಲ್ಲಿ ಹಳ್ಳದ ಈಚೆ ಊರು, ಆಚೆ ನಮ್ಮ ಕೇರಿ. ಊರೊಳಗೆ ಎರಡು ಬಾವಿಗಳಿದ್ದವು, ಅವುಗಳ ಹಗ್ಗವನ್ನು ನಾವು ಮುಟ್ಟುವಂತಿರಲಿಲ್ಲ. ನಮ್ಮವ್ವ ಹಳ್ಳದ ಉಸುಕಿನಲ್ಲಿ ವರತಿ ತೋಡಿ, ನೀರು ಒಸರುವವರೆಗೆ ಕುಕ್ಕರಗಾಲಲ್ಲಿ ಕೂತು, ಚರಿಗೆಯಿಂದ ಮೊಗೆಮೊಗೆದು ಕೊಡ ತುಂಬುತ್ತಿದ್ದಳು. ಆ ನೀರಿಗೆ ಕೆಸರಿನ ವಾಸನೆ. ಪುಂಡಿಪಲ್ಯದ ಹುಳಿಯೂ ಅದನ್ನು ಮುಚ್ಚುತ್ತಿರಲಿಲ್ಲ. ಈಗಲೂ ನೆನೆದರೆ ನಾಲಿಗೆಗೆ ಬರುತ್ತದೆ, ಅದರ ಹಿಂದೆಯೇ ಸಿಟ್ಟೂ ಬರುತ್ತದೆ.

ನನಗೆ ಗೆರೆ ಎಳೆಯುವ ಹುಚ್ಚು. ಕುಂಟಬಿಲ್ಲೆ ಆಡುವಾಗ ಮನೆ ಗೀಚುವ ಕೆಲಸ ನನ್ನದೇ. ಬೇರೆಯವರು ಗೀಚಿದರೆ ಸೊಟ್ಟಗಾಗುತ್ತದೆಂದು ಗೆಳತಿಯರು ಇದ್ದಿಲನ್ನು ತಾವಾಗಿ ನನ್ನ ಕೈಗೆ ಕೊಡುತ್ತಿದ್ದರು. ಹಾಗಾಗಿ ರಾಯಚೂರಿನಿಂದ ನಲ್ಲಿಯ ಜಾಗ ಗುರುತು ಮಾಡಲು ಇಂಜಿನಿಯರ್ ಸಾಹೇಬರು ಬರುತ್ತಾರೆ, ಊರಿನದೊಂದು ನಕ್ಷೆ ಬೇಕು ಎಂದಾಗ ಭೂಗೋಳದ ಮಾಸ್ತರರು ನನ್ನನ್ನೇ ಕರೆದರು. ಪೆನ್ಸಿಲಿನ ಗೆರೆ ಅವರದು. ಮಸಿ, ಬಣ್ಣ, ಅಕ್ಷರ ನನ್ನವು.

ಮಾಸ್ತರರು ದಡ್ಡರಲ್ಲ, ಅದನ್ನೂ ಹೇಳಬೇಕು. ಉತ್ತರ ಮೇಲಿರಬೇಕು, ಬಾವಿಗೆ ಒಂದೇ ಗುರುತು ಇರಬೇಕು, ಹೆಸರುಗಳು ಒಂದರ ಮೇಲೊಂದು ಬೀಳಬಾರದು ಎಂದು ಅವರು ಕಲಿಸಿದ್ದನ್ನು ನಾನು ಇವತ್ತಿಗೂ ಕಲಿಸುತ್ತೇನೆ. ಕೊನೆಗೆ ಉಳಿದದ್ದು ಸೂಚಿ. ಯಾವ ಗುರುತು ಗುಡಿ, ಯಾವುದು ಬಾವಿ, ಯಾವುದು ದಾರಿ ಎಂದು ಬರೆಯುವ ಚೌಕ. ಕೆಳಗಿನ ಬಲಮೂಲೆ ಖಾಲಿ ಇದೆ, ಅಲ್ಲಿ ದೊಡ್ಡದಾಗಿ ಹಾಕು ಎಂದರು. ನಾನು ಹಾಕಿದೆ. ಸುತ್ತಲೂ ಬಳ್ಳಿ ಬಿಡಿಸಿ, ಎಲೆಗೆ ಹಸಿರು ತುಂಬಿ, ಮಧ್ಯೆ ಮಧ್ಯೆ ಕೆಂಪು ಹೂವಿಟ್ಟೆ. ಎರಡು ಮಧ್ಯಾಹ್ನ ರೊಟ್ಟಿ ತಿನ್ನುವುದನ್ನೂ ಮರೆತು ಕೂತಿದ್ದೆ. ಆ ಮೂಲೆಯಲ್ಲಿ ಏನಿದೆ ಎಂದು ಒಮ್ಮೆಯಾದರೂ ಯೋಚಿಸಿದೆನೆ? ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಅಪ್ಪನಿಗೆ ತೋರಿಸಬೇಕೆಂದು ಕೇಳಿಕೊಂಡು ಮನೆಗೆ ತಂದೆ. ಅಪ್ಪನಿಗೆ ಓದು ಬರುತ್ತಿರಲಿಲ್ಲ, ಆದರೆ ನಕ್ಷೆ ಗೊತ್ತಿತ್ತು. ಜಮೀನು ಅಳೆಯುವವರ ಹಿಂದೆ ಸರಪಳಿ ಎಳೆಯುವ ಕೂಲಿ ಅವನದು. ಮಾನ್ವಿಯಿಂದ ದೇವದುರ್ಗದವರೆಗೆ ಎಷ್ಟೋ ಹೊಲಗಳ ಮುಳ್ಳು ಅವನ ಕಾಲಿಗೆ ಪರಿಚಯ. ಅಳತೆ ಮುಗಿದ ಮೇಲೆ ಸಾಹೇಬರು ಹಾಳೆಯನ್ನು ಅವನ ಮುಂದೆ ಹಾಸುತ್ತಿದ್ದರಂತೆ. ಅವನು ಗೊತ್ತಿರುವ ಒಂದು ಜಾಗದ ಮೇಲೆ ಬೆರಳಿಟ್ಟು, ಕಾಲಲ್ಲಿ ನಡೆದಂತೆ ಬೆರಳಲ್ಲಿ ನಡೆದು, ಎಲ್ಲಿ ತಪ್ಪಿದೆ ಎಂದು ಹೇಳುತ್ತಿದ್ದ.

ಚಂದ ಇದೆಯಾ ಎಂದು ಕೇಳಿದೆ. ಅಪ್ಪ ಕೈ ತೊಳೆದು, ಧೋತರಕ್ಕೆ ಒರೆಸಿಕೊಂಡು ಕೂತ.

“ಚಂದ ಅನ್ನೋದು ಕೊನಿಗೆ ನೋಡೋದು ಯವ್ವಾ. ಮೊದ್ಲು ನಡದು ನೋಡಬೇಕು.”

ಬಸ್ಸು ನಿಲ್ಲುವಲ್ಲಿ ಬೆರಳಿಟ್ಟ. ಊರಬಾಗಿಲ ಅಗಸಿ ದಾಟಿದ. ಹಣಮಪ್ಪನ ಗುಡಿ, ಚಾವಡಿ, ಅಕ್ಕಿ ಗಿರಣಿ ದಾಟಿದ. ಹಳ್ಳಕ್ಕೆ ಇಳಿದು ಹತ್ತಿದ. ಬೆರಳು ನನ್ನ ಬಳ್ಳಿಗೆ ಬಡಿದು ನಿಂತಿತು. ಮುಂದೆ ಎಲ್ಲಿ ಹೋಗಲಿ ಎಂದು ಕೇಳಿದ. ಅಲ್ಲಿ ಸೂಚಿ ಇದೆ ಅಂದೆ.

“ಹಂಗಾರ ನಿಮ್ಮವ್ವ ಎಲ್ಲಿ ಕುಂತು ರೊಟ್ಟಿ ಬಡಿಯಾಕತ್ಯಾಳ?”

ಒಳಗೆ ಅವ್ವ ರೊಟ್ಟಿ ಬಡಿಯುವ ಸದ್ದು ಕೇಳುತ್ತಲೇ ಇತ್ತು. ನನ್ನ ಮುಖ ಬೆಂದುಹೋಯಿತು. ನಲವತ್ತು ಮನೆ, ಬೇವಿನ ಗಿಡ, ನಮ್ಮ ದೇವತೆ ಮರಗಮ್ಮನ ಕಟ್ಟೆ, ಎಲ್ಲದರ ಮೇಲೂ ನಾನೇ ಕೂತು ಹೂವು ಬಿಡಿಸಿದ್ದೆ.

ಮರುದಿನ ಅಪ್ಪ ಶಾಲೆಗೆ ಬಂದ. ಶಾಲೆಯ ಕಟ್ಟೆ ಹತ್ತದೆ ಕೆಳಗೆ ನಿಂತೇ ವಿಷಯ ಹೇಳಿದ. ಮಾಸ್ತರರು ನಕ್ಕರು. ಆ ನಗುವನ್ನು ನಾನು ಸಾಯುವತನಕ ಮರೆಯುವುದಿಲ್ಲ, ಮರೆಯುವ ಮನಸ್ಸೂ ಇಲ್ಲ.

“ಸೂಚಿನ ಖಾಲಿ ಜಾಗದಾಗ ಹಾಕಬೇಕಪ್ಪ. ಮತ್ತ ಎಲ್ಲಿ ಹಾಕ್ಲಿ, ಗುಡಿ ಮ್ಯಾಲೆ ಹಾಕ್ಲೇನು?”

“ಅದು ಖಾಲಿ ಅಲ್ರೀ,” ಅಂದ ಅಪ್ಪ. ಅಷ್ಟೇ ಅಂದ.

ಮತ್ತೆ ಬಿಡಿಸಲು ಹೊತ್ತಿಲ್ಲ, ಸಾಹೇಬರು ಬಂದಾಗ ಬಾಯಲ್ಲೇ ಹೇಳುತ್ತೇನೆ ಎಂದು ಮಾಸ್ತರರು ಮಾತು ಮುಗಿಸಿದರು. ಅಪ್ಪ ನಂಬಲಿಲ್ಲ. ಅವತ್ತು ಸಂಜೆ ಕೂಲಿಯಿಂದ ಬಂದವನು ನನ್ನನ್ನು ಕರೆದುಕೊಂಡು ಬಸ್ಸು ನಿಲ್ಲುವಲ್ಲಿಂದ ಕೇರಿಯ ಕೊನೆಯ ಮನೆಯವರೆಗೆ ನಡೆಸಿದ. ಹೆಜ್ಜೆ ಅವನದು, ಎಣಿಕೆ ನನ್ನದು. ನಾನೇ ಸಾಹೇಬರ ಕೈಗೆ ಕೊಡಲೆಂದು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಇನ್ನೊಂದು ನಕ್ಷೆಯಾಯಿತು. ಬಣ್ಣವಿಲ್ಲ, ಬಳ್ಳಿಯಿಲ್ಲ, ಸೂಚಿ ಹೊರಗೆ ಅಂಚಿನಲ್ಲಿ ಸಣ್ಣದಾಗಿ. ಅಪ್ಪನ ಬೆರಳು ಎಲ್ಲಿಯೂ ನಿಲ್ಲದೆ ನಮ್ಮ ಹೊಸ್ತಿಲವರೆಗೆ ಬಂತು. ಅವ್ವನನ್ನೂ ಕರೆದು ತೋರಿಸಿದ. ನಲ್ಲಿ ಬೇವಿನ ಗಿಡದ ಕೆಳಗಿರಲಿ, ನೆರಳಿರುತ್ತದೆ ಎಂದು ಅವಳು ಅಲ್ಲೊಂದು ಜೋಳದ ಕಾಳಿಟ್ಟಳು.

ಸಾಹೇಬರು ಬಂದ ದಿನ ಆ ಹಾಳೆ ಮಡಿಸಿ ಲಂಗದ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದೆ. ಗೋಡೆಯ ಮೇಲೆ ಬಣ್ಣದ ನಕ್ಷೆ. ಸಾಹೇಬರು ಸ್ಕೇಲು ಹಿಡಿದು ನೋಡಿ, ಕೆಂಪು ಪೆನ್ಸಿಲಿನಿಂದ ನಾಲ್ಕು ಗುರುತು ಹಾಕಿದರು. ನಾಲ್ಕೂ ಹಳ್ಳದ ಈಚೆ, ಊರೊಳಗೆ. ಮಾಸ್ತರರು ಬಾಯಿ ಬಿಡಲಿಲ್ಲ. ಆಮೇಲೆ ಸಾಹೇಬರು ಬಳ್ಳಿಯ ಮೇಲೆ ಕೈಯಾಡಿಸಿ, ಯಾರು ಬಿಡಿಸಿದ್ದು ಎಂದು ಕೇಳಿದರು.

ನಾನು ಮುಂದೆ ಹೋದೆ. ಹಾಳೆ ಸೊಂಟಕ್ಕೆ ಚುಚ್ಚುತ್ತಿತ್ತು. ಕಿಟಕಿಯ ಹೊರಗೆ ಅಪ್ಪ ನಿಂತಿದ್ದ. “ನಾನ್ರೀ,” ಅಂದೆ. ಸಾಹೇಬರು ತಮ್ಮ ಜೇಬಿನ ಪೆನ್ನು ತೆಗೆದು ನನಗೆ ಕೊಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಪೆನ್ನು ಹಿಡಿದು ಹಲ್ಲು ಕಿರಿದುಕೊಂಡು ನಿಂತೆ. ಹಾಳೆ ತೆಗೆಯಲಿಲ್ಲ.

ನಾಲ್ಕು ನಲ್ಲಿಗಳು ಬಂದವು. ಅವ್ವ ಉಸುಕು ತೋಡುತ್ತಲೇ ಇದ್ದಳು. ನಮ್ಮ ಕೇರಿಗೆ ನಲ್ಲಿ ಬರುವ ಹೊತ್ತಿಗೆ ಕೊಡ ಹೊತ್ತು ಹೊತ್ತು ಅವಳ ನಡುನೆತ್ತಿಯ ಕೂದಲು ಸವೆದುಹೋಗಿತ್ತು. ಮಾಸ್ತರರ ಮೇಲಿನ ಸಿಟ್ಟು ಹಾಗೇ ಇದೆ. ಆದರೆ ಅವರಿಗೆ ಆ ಮೂಲೆ ಖಾಲಿ ಕಂಡಿತ್ತು. ನನಗೆ ಅಲ್ಲಿ ಮನೆ ಇತ್ತಲ್ಲ? ಆ ಸಿಟ್ಟನ್ನು ಯಾರ ಮೇಲೆ ತೀರಿಸಲಿ?

ಈಗ ರಾಯಚೂರಿನಲ್ಲಿ ಭೂಗೋಳ ಕಲಿಸುತ್ತೇನೆ. ಮಕ್ಕಳು ನಕ್ಷೆ ತಂದರೆ ಬಣ್ಣ ನೋಡುವುದಿಲ್ಲ, ಬೆರಳಿಟ್ಟು ನಡೆಯಲು ಹೇಳುತ್ತೇನೆ. ಪೆನ್ನು ಹಿಡಿದು ಮನೆಗೆ ಬಂದ ಆ ದಿನ ಅಪ್ಪ ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಕೆಲಸ ಸಿಕ್ಕ ವರ್ಷ ನಮ್ಮ ಕೇರಿಯದೇ ದೊಡ್ಡ ನಕ್ಷೆ ಬಿಡಿಸಿಕೊಂಡು ಹೋಗಿ ಅವನ ಮುಂದೆ ಹಾಸಿದೆ. ಮನೆ ಮನೆಗೂ ಹೆಸರು ಬರೆದಿದ್ದೆ. ನಡೆದು ನೋಡು ಅಂದೆ. ಅಪ್ಪ ಹಾಳೆಯ ಮೇಲೆ ಬೆರಳಿಡಲಿಲ್ಲ, ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡೇ ಕೂತಿದ್ದ.

“ಚಂದ ಅದ ಯವ್ವಾ,” ಅಂದ.