ತಂಗಿಯ ಕಿವಿಯ ಮಷೀನು

ನಾನು ಏಳನೇ ಕ್ಲಾಸಿನ ಮೇಲೆ ಓದಲಿಲ್ಲ. ಆದರೆ ಸರ್ಕಾರ ಯಾರ ಆಪರೇಷನ್ನಿಗೆ ದುಡ್ಡು ಕೊಡುತ್ತದೆ, ಯಾಕೆ ಕೊಡುತ್ತದೆ ಎಂದು ಕೇಳಿದರೆ ಹೇಳಬಲ್ಲೆ. ಅದನ್ನು ಕಲಿತದ್ದು ನನ್ನದೇ ತಪ್ಪಿನಿಂದ.

ತಂಗಿ ನನಗಿಂತ ತುಂಬಾ ಚಿಕ್ಕವಳು. ಹುಟ್ಟಿನಿಂದ ಅವಳಿಗೆ ಕಿವಿ ಕೇಳುತ್ತಿರಲಿಲ್ಲ. ರಾಜಾನುಕುಂಟೆಯ ನಮ್ಮ ಮನೆಯ ಮೇಲೆ ವಿಮಾನಗಳು ಎಷ್ಟು ಅಬ್ಬರಿಸಿಕೊಂಡು ಹೋದರೂ ತಲೆ ಎತ್ತುತ್ತಿರಲಿಲ್ಲ. ಸರ್ಕಾರಿ ಆಸ್ಪತ್ರೆಯವರು ಕಿವಿಗೆ ಮಷೀನು ಕೊಟ್ಟು, "ದಿನವಿಡೀ ಹಾಕಿರಿ, ಮಾತು ಕಲಿಸೋಕೆ ಕರ್ಕೊಂಡ್ ಬನ್ನಿ. ಒಳಗೇ ಮಷೀನ್ ಕೂರಿಸೋ ಆಪರೇಷನ್ ಬಗ್ಗೆ ಆಮೇಲೆ ನೋಡೋಣ," ಎಂದಿದ್ದರು.

ಆಗ ನನ್ನನ್ನು ನೋಡಲು ಗಂಡಿನ ಕಡೆಯವರು ಬರುತ್ತಿದ್ದರು. ತಂಗಿ ಕಿವುಡಿ ಎಂದು ಗೊತ್ತಾದರೆ ಸಂಬಂಧ ತಪ್ಪುತ್ತದೆಂದು, ಅವರು ಬರುವ ಹೊತ್ತಿಗೆ ಮಷೀನು ಬಿಚ್ಚಿ ನನ್ನ ಬಳೆಪೆಟ್ಟಿಗೆಯಲ್ಲಿ ಇಡುತ್ತಿದ್ದೆ. ಬರಬರುತ್ತಾ ಯಾವ ನೆಂಟರು ಬಂದರೂ ಬಿಚ್ಚಿದೆ. ಎಷ್ಟೋ ಸಲ ಮತ್ತೆ ಹಾಕುವುದನ್ನೇ ಮರೆತೆ. ಅಮ್ಮ ಕೇಳಿದರೆ "ಅವಳೇ ಕಿತ್ತಾಕಿದ್ಲು," ಎನ್ನುತ್ತಿದ್ದೆ.

ಆಪರೇಷನ್ ಯಾರಿಗೆಂದು ತೀರ್ಮಾನಿಸುವ ಡಾಕ್ಟರುಗಳ ಮುಂದೆ ಅಮ್ಮ ಅಳುತ್ತಾ ಅದನ್ನೇ ಹೇಳಿದಳು. "ಮಗು ಇಕ್ಕೊಳಲ್ಲ ಸಾರ್, ಕಿತ್ತಾಕ್ತದೆ. ಇಂಗೇ ಬುಟ್ರೆ ಮೂಗಿ ಆಗೋಯ್ತದೆ."

"ಅತ್ತೋರಿಗೆಲ್ಲ ಕೊಡೋಕಾಗಲ್ಲ ತಾಯಿ," ಎಂದರು ಹಿರಿಯ ಡಾಕ್ಟರು. "ಆಪರೇಷನ್ ಆದ್ಮೇಲೂ ದಿನಾ ಹೊರಗಡೆ ಮಷೀನ್ ಹಾಕ್ಲೇಬೇಕು. ಹಾಕ್ಕೊಳ್ಳದ ಮಗುಗೆ ಮಾಡಿ ಏನು ಪ್ರಯೋಜನ? ಆ ದುಡ್ಡಲ್ಲಿ ಇನ್ನೊಂದು ಮಗುಗೆ ಕೇಳ್ಸುತ್ತೆ."

ಅವರ ಮಾತು ನ್ಯಾಯವಾಗಿತ್ತು. ಅದೇ ನನ್ನನ್ನು ಇರಿಯಿತು.

"ಅವಳು ಕೀಳಲ್ಲ ಸಾರ್. ನಾನೇ ಬಿಚ್ಚಿಡ್ತಿದ್ದೆ," ಎಂದೆ. ಅಮ್ಮ ಅಲ್ಲೇ ನನ್ನ ಬೆನ್ನಿಗೆ ಗುದ್ದಿದಳು.

"ಯಾಕಮ್ಮಾ?"

"ಮದ್ವೆ ಆಗ್ಬೇಕಿತ್ತು ಸಾರ್."

"ಆಯ್ತಾ?"

"ಇಲ್ಲ ಸಾರ್."

ಮಾತು ಕಲಿಸುವ ಮೇಡಂ ನಕ್ಕುಬಿಟ್ಟರು. ಡಾಕ್ಟರು ನಗಲಿಲ್ಲ. "ಮುಂದಿನ ಮೀಟಿಂಗ್‌ವರೆಗೂ ಟೈಮ್ ಕೊಡ್ತೀನಿ. ಅದಾದ್ಮೇಲೆ ಆಪರೇಷನ್ ಮಾಡೋ ವಯಸ್ಸು ಮೀರುತ್ತೆ. ನೀನೇ ಕರ್ಕೊಂಡ್ ಬಾ."

ಮರುದಿನದಿಂದ ಅವಳ ಜಡೆಯನ್ನು ಕಿವಿ ಕಾಣುವಂತೆ ಎತ್ತಿ ಕಟ್ಟಿದೆ. ಬಸ್ಸಿನಲ್ಲಿ ತರಬೇತಿಗೆ ಕರೆದೊಯ್ದೆ. ಮಷೀನು ಕಂಡ ಗಂಡಿನವರೊಬ್ಬರು ಕಾಫಿ ಅರ್ಧಕ್ಕೇ ಬಿಟ್ಟು ಎದ್ದರು. ನಾನು ಲೋಟ ಎತ್ತಿಕೊಂಡು ಒಳಗೆ ಹೋದೆ. ಮುಂದಿನ ಮೀಟಿಂಗಿನಲ್ಲಿ ಮೇಡಂ ತಂಗಿಯ ಬೆನ್ನ ಹಿಂದೆ ನಿಂತು ತಮಟೆ ಬಡಿದಾಗ ಅವಳು ತಿರುಗಿ ನೋಡಿದಳು. ಆಪರೇಷನ್ ಮಂಜೂರಾಯಿತು.

ಮಷೀನು ಬಿಚ್ಚಿಟ್ಟು ನಾನು ಹಾಳು ಮಾಡಿದ ತಿಂಗಳುಗಳಷ್ಟು ತಡವಾಗಿ ಅವಳಿಗೆ ಮಾತು ಬಂತು. ಅದು ನನ್ನ ಲೆಕ್ಕಕ್ಕೇ.

ಮೊನ್ನೆ ಯಲಹಂಕದ ಛತ್ರದಲ್ಲಿ ಚಿಕ್ಕಪ್ಪನ ಮಗಳ ಮದುವೆ. ತಾಳಿ ಕಟ್ಟುವಾಗ ಓಲಗ ಒಮ್ಮೆಲೇ ಏರಿತು. ತಂಗಿ ಮುಖ ಕಿವುಚಿ, ನೆಂಟರೆಲ್ಲ ತಿರುಗುವಂತೆ ಕಿರುಚಿದಳು: "ಅಕ್ಕಾ, ಜೋರು! ಸಾಕು ಅನ್ನು!"

ಅವಳನ್ನು ಎತ್ತಿಕೊಂಡು, ಮಷೀನಿನ ಪಕ್ಕ ಹೂವು ಮುಡಿಸಿ, ಎಲ್ಲರ ಮುಂದಿನ ಸಾಲಿಗೆ ಹೋಗಿ ಕೂತೆ.